ಯಾರೂ ಕರೆ ಮಾಡದ ನಂಬರು

ಫೋನ್ ಎಂದರೆ ಸೀಬ್ರೆನ್‌ಗೆ ಹಾವು ಕಂಡಷ್ಟೇ ಭಯ. ಜೇಬಿನಲ್ಲಿ ಅದು ಗುಂಯ್ ಅಂದರೆ ಸಾಕು, ಅದು ಸುಮ್ಮನಾಗುವ ತನಕ ಮುಟ್ಟುತ್ತಿರಲಿಲ್ಲ. ಪಿಜ್ಜಾ ಬೇಕಾದರೂ ಫೋನ್ ಮಾಡುವ ಬದಲು ಚಳಿಯಲ್ಲಿ ಸೈಕಲ್ ತುಳಿದು, ಅಂಗಡಿಗೇ ಹೋಗಿ ಬೆರಳು ತೋರಿಸುತ್ತಿದ್ದ. ಕೋಡ್ ಬರೆಯುವ ಕೆಲಸ ಹಿಡಿದದ್ದೂ ಅದಕ್ಕೇ. ಕಂಪ್ಯೂಟರ್ ತಿರುಗಿ ಮಾತಾಡುವುದಿಲ್ಲ.

ಜ್ವೊಲೆ ಊರಿನ ಕಾಲುವೆ ಪಕ್ಕದ ಕಂಪನಿಯಲ್ಲಿ ಅವನು ಬರೆಯುತ್ತಿದ್ದದ್ದು ಮಾದರಿ ಕೋಡ್. ಇಂಟರ್‌ನೆಟ್‌ನಲ್ಲಿ ಅಂಗಡಿ ತೆರೆಯುವವರು ಕಂಪನಿಯ ಪುಟಕ್ಕೆ ಬಂದು ‘ನನ್ನದು ಹೂವಿನಂಗಡಿ’, ‘ನನ್ನದು ಬೂಟಿನಂಗಡಿ’ ಎಂದು ಆರಿಸಿದರೆ, ಗಿರಾಕಿಯಿಂದ ಹಣ ಪಡೆಯಲು ಬೇಕಾದ ಕೋಡ್ ಅಲ್ಲೇ ಮೂಡುತ್ತಿತ್ತು. ನಕಲು ಮಾಡಿ ತಮ್ಮ ಪುಟಕ್ಕೆ ಅಂಟಿಸಿಕೊಂಡರೆ ಆಯಿತು. ರಸೀದಿಯ ಕೊನೆಗೆ ‘ದೂರುಗಳಿದ್ದರೆ ಕರೆ ಮಾಡಿ’ ಎಂಬ ಸಾಲು. ಅದರ ಮುಂದೆ ಮಾದರಿಗೊಂದು ನಂಬರು ಬೇಕಿತ್ತು. ಕೈಗೆ ಬಂದದ್ದನ್ನು ಹಾಕಿದರೆ ಯಾವನೋ ಬಡಪಾಯಿಯ ಫೋನ್ ಹೊಡೆದುಕೊಂಡೀತು ಎಂದು ಅವನ ಮನಸ್ಸು ಒಪ್ಪಲಿಲ್ಲ. ಇಡೀ ದೇಶದಲ್ಲಿ ಯಾರೂ ಕರೆ ಮಾಡದ ನಂಬರು ಯಾವುದು? ಅವನದೇ. ಅದನ್ನೇ ಹಾಕಿದ. ಪಕ್ಕದಲ್ಲಿ ‘ಇಲ್ಲಿ ನಿಮ್ಮ ನಂಬರು ಬರೆಯಿರಿ’ ಎಂದೂ ಸೇರಿಸಿದ.

ಅದನ್ನು ಯಾರೂ ಓದಲಿಲ್ಲ.

ಡಿಸೆಂಬರಿನ ಉಡುಗೊರೆ ಹಬ್ಬ ಸಿಂಟರ್‌ಕ್ಲಾಸ್ ಹತ್ತಿರ ಬಂದಿತ್ತು. ಜನ ಉಡುಗೊರೆಗಳ ಮೇಲೆ ಮುಗಿಬಿದ್ದಿದ್ದರು. ಅಂಥ ಒಂದು ದಿನ ಸಂಜೆ ನಾಲ್ಕಕ್ಕೆ ತನ್ನ ಕೋಣೆಗೆ ಬರುವಂತೆ ಮೇಲಧಿಕಾರಿ ಡೀವೆರ್ಕೆ ಅವನಿಗೆ ಹೇಳಿದ್ದಳು. ಒಂದು ವರ್ಷದ ಒಪ್ಪಂದ ಮುಗಿಯುತ್ತಿತ್ತು. ಕೆಲಸ ಖಾಯಮ್ಮೋ, ಮನೆಗೋ, ಅಲ್ಲಿ ತೀರ್ಮಾನ. ಆ ಭಯಕ್ಕೇ ಹಿಂದಿನ ರಾತ್ರಿ ನಿದ್ದೆ ಬಂದಿರಲಿಲ್ಲ. ಬೆಳಿಗ್ಗೆ ಕಂಪನಿಯ ಮುಂದೆ ಸೈಕಲ್ ನಿಲ್ಲಿಸುವಾಗ ಫೋನ್ ಬಡಿದುಕೊಂಡಿತು.

“ಎರಡೂ ಎಡಗಾಲಿಂದೇ ಕಳ್ಸಿದೀಯಲ್ಲಯ್ಯಾ! ನಾನೇನು ಕುಂಟಾಬಿಲ್ಲೆ ಆಡ್ಕೊಂಡು ಓಡಾಡ್ಲಾ?”

“ಯಾ… ಯಾರು?”

“ಬೂಟು ತಗೊಂಡೋನು! ದೂರಿಗೆ ಇದೇ ನಂಬರಲ್ವಾ?”

ಅಂಗಡಿಯವರು ತನ್ನ ನಂಬರನ್ನು ಬದಲಿಸದೆಯೇ ಅಂಟಿಸಿಕೊಂಡಿದ್ದಾರೆಂದು ಸೀಬ್ರೆನ್‌ಗೆ ಹೊಳೆಯಿತು. ಫೋನ್ ಆರಿಸಿಬಿಡೋಣವೆಂದರೆ, ಇಲ್ಲಿ ಯಾರೂ ಎತ್ತದಿದ್ದರೆ ಗಿರಾಕಿಗಳು ಅಂಗಡಿಯವರನ್ನು ಹಿಡಿಯುತ್ತಾರೆ, ಅಂಗಡಿಯವರು ಕಂಪನಿಗೇ ಫೋನ್ ಮಾಡುತ್ತಾರೆ. ನಾಲ್ಕಕ್ಕೆ ಮೊದಲೇ ಡೀವೆರ್ಕೆಗೆ ಗೊತ್ತಾಗುತ್ತದೆ. “ಸರಿಮಾಡಿಸ್ತೀನಿ ಸಾರ್, ದಯವಿಟ್ಟು ಕೂಗ್ಬೇಡಿ,” ಎಂದು ಗೋಗರೆದ. ಬೂಟಿನಂಗಡಿಯವನನ್ನು ಹುಡುಕಿ ಅವನಿಗೂ ಫೋನ್ ಮಾಡಬೇಕಾಯಿತು. ಬದುಕಿನಲ್ಲಿ ಮೊದಲ ಸಲ ಅಪರಿಚಿತನಿಗೆ ತಾನಾಗಿ ಫೋನ್ ಮಾಡಿದವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಒಳಗೆ ಸಹೋದ್ಯೋಗಿ ಕೂರ್ಟನ ಹುಟ್ಟುಹಬ್ಬ. ಅವನೇ ತಂದ ಕೇಕಿನ ತಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಎಲ್ಲರೂ ದುಂಡಗೆ ಕೂತಿದ್ದರು. ಸೀಬ್ರೆನ್ ತನ್ನ ಪಾಲಿನ ತಟ್ಟೆ ಹಿಡಿದು, ಆ ಊರಿನ ರೂಢಿಯಂತೆ ಒಬ್ಬೊಬ್ಬರ ಕೈ ಕುಲುಕಿ, “ಕೂರ್ಟ್ ಹುಟ್ಟಿದ್ದಕ್ಕೆ ನಿಮಗೂ ಅಭಿನಂದನೆ,” ಎನ್ನುತ್ತ ಸುತ್ತು ಬರುವಷ್ಟರಲ್ಲಿ ಜೇಬು ನಡುಗಿತು. ಎಲ್ಲರೂ ಅವನ ಜೇಬಿನ ಕಡೆ ತಿರುಗಿದರು.

“ಏ, ನಿಂಗೆ ಫೋನಾ?” ಪಕ್ಕದ ಮೇಜಿನ ರೆನ್ಸ್‌ಕೆ ಕಣ್ಣರಳಿಸಿದಳು. “ಯಾರು ಸತ್ರೋ?”

“ಹುಡುಗಿ ಇರ್ಬೇಕು ಬಿಡೇ. ಮುಖ ನೋಡು, ಹೆಂಗೆ ಕೆಂಪಾಗಿದೆ,” ಎಂದ ಕೂರ್ಟ್.

“ಹುಡುಗೀನೂ ಅಲ್ಲ, ಮಣ್ಣೂ ಅಲ್ಲ. ಬೇರೆ ಕಂಪನಿಯೋರು ಎಳ್ಕೋತಿದಾರೆ ಇವನನ್ನ. ಡೀವೆರ್ಕೆಗೆ ಒಂದ್ಮಾತು ಹೇಳ್ಬೇಕು.”

“ಬೇಡ ರೆನ್ಸ್‌ಕೆ! ನಮ್ಮಜ್ಜಿ ಅಷ್ಟೇ!” ಎಂದು ಸೀಬ್ರೆನ್ ಕೇಕಿನ ತಟ್ಟೆ ಹಿಡಿದೇ ಶೌಚಾಲಯಕ್ಕೆ ಓಡಿ ಚಿಲಕ ಹಾಕಿಕೊಂಡ.

ಫೋನಿನಲ್ಲಿದ್ದದ್ದು ನಿಜಕ್ಕೂ ಒಬ್ಬ ಅಜ್ಜಿಯೇ. “ನೋಡಪ್ಪಾ, ಮಗಳಿಗೆ ಹಬ್ಬಕ್ಕೆ ಅವಳ ಹೆಸರಿನ ಮೊದಲಕ್ಷರದ ಆಕಾರದ ಚಾಕೊಲೇಟ್ ಕಳ್ಸೋಣಾಂತ ಬಟನ್ ಒತ್ತಿದೆ. ಏನೂ ಆಗ್ಲಿಲ್ಲ. ಮತ್ತೆ ಒತ್ತಿದೆ. ಇನ್ನೂ ಒಂದ್ಸಲ ಒತ್ತಿದೆ. ಮೂರು ಹೋಗಿದೆಯಂತೆ! ಅವಳೋ ಸಕ್ಕರೆ ಮುಟ್ಟಲ್ಲ, ನನಗಂತೂ ತಿಂಗಳಿಗೊಂದ್ಸಲ ಫೋನ್ ಮಾಡಿದ್ರೆ ಹೆಚ್ಚು…”

ಮಾತು ಚಾಕೊಲೇಟಿನಿಂದ ಮಗಳಿಗೆ, ಮಗಳಿಂದ ಪಕ್ಕದ ಮನೆಯ ಬೆಕ್ಕಿಗೆ, ಬೆಕ್ಕಿನಿಂದ ಸೊಂಟದ ಆಪರೇಷನ್ನಿಗೆ ಹರಿಯಿತು. ಫೋನ್ ಇಡುವುದು ಹೇಗೆಂದು ಸೀಬ್ರೆನ್‌ಗೆ ಗೊತ್ತಿರಲಿಲ್ಲ. ಅಷ್ಟು ಅಭ್ಯಾಸವೇ ಇರಲಿಲ್ಲ. “ಹೌದಾ? ಅಯ್ಯೋ, ಆಮೇಲೆ?” ಎನ್ನುತ್ತ, ಕಮೋಡಿನ ಮೇಲೆ ಕೂತು ಕೇಕ್ ತಿಂದು ಮುಗಿಸಿದ. ಅಜ್ಜಿಯ ಕತೆಯಲ್ಲಿ ಡಾಕ್ಟರು ಚಾಕು ಕೈಗೆತ್ತಿಕೊಂಡ ಹೊತ್ತಿಗೆ ಕೂರ್ಟ್ ಬಾಗಿಲು ಗುದ್ದಿದ. “ಒಳಗೆ ಹುಟ್ಟುಹಬ್ಬ ಬೇರೆ ನಡೀತಿದೆಯೇನೋ? ಬಾರೋ ಆಚೆ!”

ಮಧ್ಯಾಹ್ನ ಸೀಬ್ರೆನ್ ಮಾದರಿ ಕೋಡ್ ತೆರೆದು ತನ್ನ ನಂಬರು ಅಳಿಸಿದ. ಹಿಂದಿನಿಂದ ರೆನ್ಸ್‌ಕೆ ಇಣುಕಿದಳು. ಒಂದು ಕ್ಷಣ ಪರದೆ ನೋಡಿದಳು, ಒಂದು ಕ್ಷಣ ಗುಂಯ್‌ಗುಡುವ ಜೇಬು ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು.

“ಅಯ್ಯೋ ಪೆದ್ದಾ! ಈಗ ಇಲ್ಲಿ ಅಳಿಸಿದ್ರೆ? ಈಗಾಗ್ಲೇ ಅಂಟಿಸ್ಕೊಂಡಿರೋ ಅಂಗಡಿಗಳಿಗೆಲ್ಲ ರಬ್ಬರ್ ಹಿಡ್ಕೊಂಡು ಹೋಗ್ತೀಯಾ?”

“ಯಾರಿಗೂ ಹೇಳ್ಬೇಡ ಕಣೇ. ಕೈ ಮುಗೀತೀನಿ.”

“ಯಾರಿಗೂ ಹೇಳಲ್ಲ,” ಎಂದು ಅವಳು ನೇರ ಡೀವೆರ್ಕೆಯ ಕೋಣೆಯ ಕಡೆ ನಡೆದಳು.

ನಾಲ್ಕು ಗಂಟೆಗೆ ಸೀಬ್ರೆನ್ ಆ ಕೋಣೆಯ ಬಾಗಿಲು ತಳ್ಳಿದ. ಮೇಜಿನ ಮೇಲೆ ಸಾಲಾಗಿ ಮೂರು ದೊಡ್ಡ ಚಾಕೊಲೇಟ್ ಅಕ್ಷರಗಳಿದ್ದವು. ಡಿ. ಡಿ. ಡಿ.

ಮೂರು ಸಲ ಬಟನ್ ಒತ್ತಿದ ಅಜ್ಜಿ ಅವನಿಗೆ ನೆನಪಾದಳು.

“ಕೂತ್ಕೋ,” ಎಂದಳು ಡೀವೆರ್ಕೆ. “ನಮ್ಮಮ್ಮ ಈಗಷ್ಟೇ ಫೋನ್ ಮಾಡಿದ್ಲು. ಇಷ್ಟು ವರ್ಷದಲ್ಲಿ ನಾನೂ ನೀನು ಕೇಳಿದಷ್ಟು ಹೊತ್ತು ಅವಳ ಮಾತು ಕೇಳಿಲ್ಲ ಕಣೋ. ಬೂಟಿನಂಗಡಿಯೋನೂ ನಿನ್ನ ಹೊಗಳಿ ನಮಗೆ ಬರೆದಿದಾನೆ. ರೆನ್ಸ್‌ಕೆ ಎಲ್ಲಾ ಹೇಳಿದ್ಲು.”

“ಕ್ಷಮಿಸಿ, ಆ ನಂಬರು…”

“ಕ್ಷಮೆ ಯಾಕೆ? ಕೆಲಸ ಖಾಯಂ ಮಾಡಿದೀನಿ.”

ಸೀಬ್ರೆನ್‌ನ ಕಣ್ಣಲ್ಲಿ ನೀರೇ ಬಂತು. ಡೀವೆರ್ಕೆ ಒಂದು ಡಿಯ ಬೆನ್ನು ಮುರಿದು ಅವನ ಕೈಗಿಟ್ಟಳು.

“ನಾಳೆಯಿಂದ ಕೋಡ್ ಬರೆಯೋದೇನೂ ಬೇಡ. ದೂರಿನ ಫೋನೆಲ್ಲಾ ನಿಂದೇ. ಬೆಳಿಗ್ಗೆಯಿಂದ ಸಂಜೆ ತನಕ.”

“ಆದ್ರೆ ನಂಬರು… ಅಳಿಸಿಬಿಟ್ಟೆ,” ಎಂದ ಅವನು, ಮುಳುಗುವವನ ದನಿಯಲ್ಲಿ.

“ಗೊತ್ತು. ರೆನ್ಸ್‌ಕೆ ವಾಪಸ್ ಹಾಕಿದಾಳೆ. ಎಲ್ಲಾ ಮಾದರಿಗೂ.”

ಜೇಬು ಗುಂಯ್ ಅಂದಿತು. ಸೀಬ್ರೆನ್ ಚಾಕೊಲೇಟ್ ಹಿಡಿದು ಕಲ್ಲಾಗಿ ಕೂತ.

“ಎತ್ತು, ಎತ್ತು,” ಎಂದಳು ಡೀವೆರ್ಕೆ, ತನ್ನ ಫೋನನ್ನು ನೆಮ್ಮದಿಯಿಂದ ಮಗುಚಿಡುತ್ತ. “ಅಮ್ಮನೇ ಇರ್ಬೇಕು. ಸೊಂಟದ ಕತೆ ಅರ್ಧಕ್ಕೇ ನಿಂತಿತ್ತಂತೆ.”