ನನ್ನ ಪಂಪು ಈಗ ಯಾರ ಮನೆಯಲ್ಲಿದೆ?

ಕೆಲವರಿಗೆ ಕೋಪ ಬರಲು ದೊಡ್ಡ ದೊಡ್ಡ ಕಾರಣಗಳು ಬೇಕು. ದೇಶ ಹಾಳಾಗಬೇಕು, ಕಾಲ ಕೆಡಬೇಕು, ಇಲ್ಲವೇ ಅಣ್ಣತಮ್ಮಂದಿರು ಬದುವಿನ ವಿಷಯಕ್ಕೆ ಮಾತು ಬಿಡಬೇಕು. ನನ್ನ ಕೋಪಕ್ಕೆ ಅಂಥ ಘನತೆ ಯಾವತ್ತೂ ಇರಲಿಲ್ಲ. ಈ ಜನ್ಮದಲ್ಲಿ ನನಗೆ ಬಂದಿರುವ ಕೋಪವನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದರೆ ಅದರಲ್ಲಿ ಮುಕ್ಕಾಲು ಪಾಲು ಒಂದೂವರೆ ಗೇಣುದ್ದದ ಒಂದು ಸೈಕಲ್ ಪಂಪಿನಿಂದ ಬಂದದ್ದು. "ನಿಮಗೆ ಸಿಟ್ಟು ಬಂದಾಗ ಮೂಗಿನಿಂದ ಹೊರಡೋ ಗಾಳೀಲೇ ಎರಡು ಚಕ್ರ ತುಂಬಬಹುದು, ಪಂಪು ಬೇರೆ ಯಾಕ್ರೀ?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಅವಳು ತಮಾಷೆ ಮಾಡುತ್ತಿದ್ದಳು. ನಾನು ತಮಾಷೆ ಮಾಡುವ ಸ್ಥಿತಿಯಲ್ಲಿರಲಿಲ್ಲ.

ತೊಂಬತ್ತರ ದಶಕದ ಮಾತು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಸರಗೂರಿನಿಂದ ಆಚೆಗಿನ ಒಂದು ಹಳ್ಳಿಯ ಪಶು ಚಿಕಿತ್ಸಾ ಕೇಂದ್ರದಲ್ಲಿ ನಾನು ಸಹಾಯಕನಾಗಿದ್ದೆ. ನಿಜವಾದ ಡಾಕ್ಟರು ಸರಗೂರಿನಲ್ಲಿದ್ದರು, ಅವರಿಗೆ ಸ್ಕೂಟರಿತ್ತು. ನನಗೆ ಊರವರು ಪ್ರೀತಿಯಿಂದ ಕೊಟ್ಟ ಡಾಕ್ಟ್ರು ಎಂಬ ಹೆಸರಿತ್ತು, ಸೈಕಲ್ಲಿತ್ತು. ನನ್ನ ಕೆಲಸದಲ್ಲಿ ಮುಖ್ಯವಾದದ್ದು ಬೆದೆಗೆ ಬಂದ ಹಸುಗಳಿಗೆ ಇಂಜೆಕ್ಷನ್ ಹಾಕುವುದು. ಇಲಾಖೆಯವರು ಇದಕ್ಕೆ ಕೃತಕ ಗರ್ಭಧಾರಣೆ ಎನ್ನುತ್ತಾರೆ. ಅಷ್ಟುದ್ದದ ಮಾತನ್ನು ಹೇಳಿ ಮುಗಿಸುವಷ್ಟರಲ್ಲಿ ಹಸುವಿನ ಬೆದೆ ಇಳಿದಿರುತ್ತದೆ. ಕಷ್ಟ ಇರುವುದೇ ಅಲ್ಲಿ. ನೆಗಡಿಯಾದ ಹಸು ಒಂದು ಗಳಿಗೆ ಕಾಯುತ್ತದೆ, ಬೆದೆಗೆ ಬಂದ ಹಸು ಕಾಯುವುದಿಲ್ಲ. ಹೊತ್ತು ಮೀರಿತೋ, ಮತ್ತೆ ಮೂರು ವಾರ ತಡೆಯಬೇಕು. ಕರು ಹಿಂದಕ್ಕೆ ಹೋಗುತ್ತದೆ, ಹಾಲು ಹಿಂದಕ್ಕೆ ಹೋಗುತ್ತದೆ, ಹಸುವಿನ ಯಜಮಾನಿಯ ಬೈಗುಳ ಮಾತ್ರ ಮುಂದಕ್ಕೆ ಬರುತ್ತದೆ.

ಇನ್ನು ನಮ್ಮ ರಸ್ತೆ. ಜಲ್ಲಿ ಕಿತ್ತು ನಿಂತ ದಾರಿ, ಇಕ್ಕೆಲದಲ್ಲೂ ಬೇಲಿಗೆಂದು ಕಡಿದು ಹಾಕಿದ ಜಾಲಿ ಮುಳ್ಳು. ಆ ಮುಳ್ಳಿಗೆ ನನ್ನ ಚಕ್ರದ ಮೇಲೆ ಅದೆಂಥ ಪೂರ್ವಜನ್ಮದ ಹಗೆಯೋ, ಎತ್ತಿನ ಗಾಡಿ ಬಿಟ್ಟು ನನ್ನನ್ನೇ ಹುಡುಕಿಕೊಂಡು ಬಂದು ಚುಚ್ಚುತ್ತಿತ್ತು. ಪಂಚರ್ ಹಾಕುವುದನ್ನು ನಾನೇ ಕಲಿತೆ. ಸಲೂಷನ್ನು, ಹಳೇ ಟ್ಯೂಬಿನ ತುಂಡು, ಉಜ್ಜುಕಾಗದ, ಟೈರು ಎಬ್ಬಿಸಲು ಎರಡು ಸ್ಟೀಲ್ ಚಮಚ, ಎಲ್ಲ ನನ್ನ ಚೀಲದಲ್ಲೇ ಇರುತ್ತಿದ್ದವು. ಆದರೆ ಪಂಚರ್ ಹಾಕಿದ ಮೇಲೆ ಗಾಳಿ ಬೇಕಲ್ಲ? ಸುತ್ತ ಇಷ್ಟೊಂದು ಗಾಳಿ ಬೀಸುತ್ತಿದ್ದರೂ ಅದನ್ನು ಟ್ಯೂಬಿನೊಳಗೆ ಹೊಗಿಸುವ ದಾರಿಯಿಲ್ಲದೆ ಸೈಕಲ್ ತಳ್ಳಿಕೊಂಡು ಹೋಗುವವನ ಸಂಕಟ ಸ್ಕೂಟರಿನವರಿಗೆ ತಿಳಿಯುವುದಿಲ್ಲ. ಆದ್ದರಿಂದ ಜೊತೆಯಲ್ಲಿ ಒಯ್ಯುವಂಥ, ದಾರಿಯಲ್ಲಿ ಕೈಕೊಡದಂಥ ಒಂದು ಪಂಪು ಕೊಳ್ಳಲೇಬೇಕೆಂದು ತೀರ್ಮಾನಿಸಿದೆ.

ಮೊದಲ ಪಂಪು ಸಿಕ್ಕಿದ್ದು ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ, ಬಾಚಣಿಗೆ, ಟಾರ್ಚು, ಇಲಿ ಪಾಷಾಣಗಳನ್ನೆಲ್ಲ ಒಂದೇ ಗೋಣಿತಾಟಿನ ಮೇಲೆ ಹರಡಿಕೊಂಡು ಮಾರುತ್ತಿದ್ದವನ ಹತ್ತಿರ. ನೀಲಿ ಪ್ಲಾಸ್ಟಿಕ್ಕಿನದು. "ಬಾಯಿಗೆ ಬೆಟ್ಟು ಅಡ್ಡ ಮಡಗಿ ಒತ್ತಿ ನೋಡಿ ಸಾ, ಬೆಟ್ಟೇ ಹಾರೋಗ್ತದೆ" ಎಂದ. ಒತ್ತಿದೆ, ಬೆರಳು ಹಾರುವಂತೆಯೇ ಇತ್ತು. ಆದರೆ ನನಗೆ ಬೇಕಾದದ್ದು ಬೆರಳು ಹಾರಿಸುವ ಯಂತ್ರವಲ್ಲ ಎಂಬುದು ಆಗ ಹೊಳೆಯಲಿಲ್ಲ. ಟೈರಿಗೆ ಹಚ್ಚಿದಾಗ ಗಾಳಿಯೆಲ್ಲ ನನ್ನ ಅಂಗಿಯೊಳಕ್ಕೆ ಬಂತು, ಆಮೇಲೆ ಹಿಡಿ ಕಿತ್ತು ಕೈಗೂ ಬಂತು. ಮುಂದಿನ ಸಲ ಹುಣಸೂರಿಗೆ ಹೋದಾಗ ಆ ಮಹಾನುಭಾವ ಅಲ್ಲಿರಲಿಲ್ಲ. ಇದ್ದಿದ್ದರೆ ಅವನ ಟಾರ್ಚನ್ನು ಅವನ ಎದುರೇ ಮುರಿದು ಬರುತ್ತಿದ್ದೆ.

ಹೆಂಡತಿಯ ತವರು ಮಿರ್ಲೆ. ಅಲ್ಲಿಗೆ ಹೋದವನು ವಾಪಸು ಬರುವಾಗ ಕೆ.ಆರ್. ನಗರದಲ್ಲಿ ಎರಡನೆಯ ಪಂಪು ಕೊಂಡೆ. ಈ ಸಲ ಸಿಟ್ಟಿನಲ್ಲಿದ್ದೆನಾದ್ದರಿಂದ, ಸೈಕಲ್ ಅಂಗಡಿಗಳ ಮುಂದೆ ನಿಲ್ಲಿಸಿರುತ್ತಾರಲ್ಲ, ಕಾಲಲ್ಲಿ ಮೆಟ್ಟಿ ಎರಡೂ ಕೈಯಲ್ಲಿ ಒತ್ತುವ ಕಬ್ಬಿಣದ ದೊಡ್ಡ ಪಂಪು, ಅದನ್ನೇ ಕೊಂಡುಬಿಟ್ಟೆ. ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೆಟ್ ಹರಿಯುತ್ತೇನೆಂದು ಹೊರಟು ನನ್ನ ಮುಖ ನೋಡಿ ಮುಂದಿನ ಸೀಟಿಗೆ ಹೋದ. ಸೈಕಲ್ಲಿಗೆ ಕಟ್ಟಿದರೆ ಮಂಡಿಗೆ ಬಡಿಯುತ್ತಿತ್ತು. ಅದಕ್ಕಿಂತ ದೊಡ್ಡ ಫಜೀತಿಯಾದದ್ದು ಪಕ್ಕದ ಹಳ್ಳಿಯ ತಾಯಮ್ಮನ ಮನೆಯಲ್ಲಿ. ತಾಯಮ್ಮ ಗೌರಿ ಎಂಬ ಒಂದೇ ಹಸುವಿನ ಹಾಲಿನಿಂದ ಮನೆ ನಡೆಸುವ ಗಟ್ಟಿ ಹೆಂಗಸು. ನಾನು ಸೈಕಲ್ಲಿನಿಂದ ಆ ಪಂಪನ್ನು ಬಿಚ್ಚಿ ಕೆಳಗಿಡುವುದನ್ನು ಕಂಡದ್ದೇ ಹಸುವಿಗೂ ನನಗೂ ನಡುವೆ ಬಂದು ನಿಂತಳು. "ಏನ್ ಡಾಕ್ಟ್ರೇ ಅದು? ಅದ್ನ ಮಾತ್ರ ನಮ್ ಗೌರಿಗೆ ಆಕಕ್ಕೆ ಬುಡಾಕಿಲ್ಲ ಕಣ್ರಪ್ಪ!" ಪಂಪಿನ ಮೈಕಟ್ಟು ನೋಡಿ ಗೌರಿಯೂ ಕಣ್ಣಿ ಕಿತ್ತು ಓಡುವ ಅಂದಾಜಿನಲ್ಲಿತ್ತು. ಆ ಪಂಪನ್ನು ಅಟ್ಟಕ್ಕೆ ಹಾಕಿದೆ. ಅದನ್ನು ಹತ್ತಿಸುವಾಗ ಸೊಂಟ ಹಿಡಿದುಕೊಂಡದ್ದು ಬೇರೆ ವಿಷಯ.

ಮೂರನೆಯದು ಪಿರಿಯಾಪಟ್ಟಣದ ಹಳೇ ಅಂಗಡಿಯೊಂದರ ಗಾಜಿನ ಬೀರುವಿನಲ್ಲಿತ್ತು. ಒಂದೂವರೆ ಗೇಣಿನ ಉಕ್ಕಿನ ಕೊಳವೆ, ಒಳಗೆ ಚರ್ಮದ ವಾಷರು, ಸೈಕಲ್ಲಿನ ಬಾರಿಗೆ ಸಿಕ್ಕಿಸಲು ಎರಡು ಕೊಕ್ಕೆ. ಈ ಸಲ ನಾನು ಬೆರಳಿಟ್ಟು ನೋಡಿ ಮೋಸಹೋಗಲಿಲ್ಲ. ಅಂಗಡಿಯ ಮುಂದೆ ನಿಂತಿದ್ದ ಅಂಗಡಿಯವನ ಸೈಕಲ್ಲಿನ ಎರಡೂ ಚಕ್ರದ ಗಾಳಿ ಬಿಟ್ಟು, ಮತ್ತೆ ತುಂಬಿ, ಮತ್ತೆ ಬಿಟ್ಟು, ಮತ್ತೆ ತುಂಬಿದೆ. ಅಂಗಡಿಯ ಯಜಮಾನ ಮೊದಲು ನೋಡಿದ, ಆಮೇಲೆ ಹಲ್ಲು ಕಡಿದ, ಕೊನೆಗೆ, "ಸ್ವಾಮೀ, ಪಂಪು ತಗೊಳ್ತಿದ್ದೀರೋ, ಹೆಣ್ಣು ನೋಡ್ತಿದ್ದೀರೋ?" ಎಂದ. ಹೆಣ್ಣು ನೋಡುವಾಗ ಇಷ್ಟು ನೋಡಿರಲಿಲ್ಲ ಎಂದು ಹೇಳಲು ಹೋಗಿ, ಜೊತೆಯಲ್ಲಿ ಹೆಂಡತಿ ಇದ್ದದ್ದರಿಂದ ದುಡ್ಡು ಎಣಿಸಿ ಕೊಟ್ಟೆ. ಎಂಥ ಪಂಪು ಅದು! ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟರೆ ಬೆಣ್ಣೆಯಂತೆ ಓಡುತ್ತಿತ್ತು. ಕೊನೆಗೂ ಗೆದ್ದೆ ಅಂದುಕೊಂಡೆ.

ನಮ್ಮ ಹಳ್ಳಿಯ ಕಟ್ಟಳೆಯನ್ನು ನಾನು ಮರೆತಿದ್ದೆ. ಅಲ್ಲಿ ಕೇಳಿದವರಿಗೆ ಇಲ್ಲವೆನ್ನಬಾರದ ಕೆಲವು ಪದಾರ್ಥಗಳಿವೆ. ಒಲೆಗೆ ಕೆಂಡ, ಹೆಪ್ಪಿಗೆ ಮಜ್ಜಿಗೆ, ಬಾಯಾರಿದವರಿಗೆ ನೀರು. ನನ್ನ ಪಂಪು ಬಂದ ದಿನದಿಂದ ಆ ಪಟ್ಟಿಗೆ ಗಾಳಿಯೂ ಸೇರಿತು. ಮೊದಲು ಬಂದವನು ಪಕ್ಕದ ಮನೆಯ ಸಣ್ಣಸ್ವಾಮಿ. "ಡಾಕ್ಟ್ರೇ, ವಸಿ ಪಂಪ್ ಕೊಡಿ, ಈಗ್ ತಂದೆ." ಆಮೇಲೆ ಊರೇ ಬಂತು. ಒಬ್ಬ ಸೈಕಲ್ಲಿಗೆಂದು ಒಯ್ದು ವಾಲಿಬಾಲಿಗೆ ಹೊಡೆದ. ಒಬ್ಬ ಗಣೇಶನ ಪೆಂಡಾಲಿನ ಬಲೂನು ಊದಿದ. ಸ್ಟೌವಿನ ಕಸ ತೆಗೆದರು, ಕಟ್ಟಿಕೊಂಡ ನಲ್ಲಿ ಬಿಡಿಸಿದರು, ಗೋಡೆಯ ಸಂದಿಯಿಂದ ಇರುವೆ ಹೊರಡಿಸಿದರು. ಈಗ ತಂದೆ ಎಂದವನು ತರುತ್ತಿರಲಿಲ್ಲ. ಅವನಿಂದ ಇನ್ನೊಬ್ಬ, ಅವನಿಂದ ಮತ್ತೊಬ್ಬ ಇಸಿದುಕೊಂಡು ಹೋಗುತ್ತಿದ್ದ. ನಾನು ಬೆಳಗ್ಗೆ ಎದ್ದು ಮನೆಮನೆಯ ಮುಂದೆ ನಿಂತು, "ನನ್ನ ಪಂಪು ಈಗ ಯಾರ ಮನೆಯಲ್ಲಿದೆ?" ಎಂದು ವಿಚಾರಿಸಬೇಕು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಮಾಡಿದವನ ಹತ್ತಿರವೂ ಒಂದು ಪಂಪು ಇದ್ದಿರಬೇಕು. ಒಂದು ದಿನ ತಡೆಯಲಾರದೆ ಒಬ್ಬರಿಗೆ ಕೊಡುವುದಿಲ್ಲ ಅಂದೆ. ಸಾಯಂಕಾಲದೊಳಗೆ ಅಂಗಡಿ ಬೀದಿಯಲ್ಲೆಲ್ಲ ಸುದ್ದಿ: "ಗಾಳಿಗೂ ಇಲ್ಲ ಅಂದ್ಬುಟ್ರಂತೆ ಕಣ್ಲಾ ಡಾಕ್ಟ್ರು!" ಏನೋ ನಾನು ಊರಿನ ಉಸಿರನ್ನೇ ಕಟ್ಟಿದ ಹಾಗೆ.

ಹೀಗಿರುವಾಗ ಒಂದು ದಿನ ಬೆಳಗ್ಗೆ ತಾಯಮ್ಮನಿಂದ ಹೇಳಿಕೆ ಬಂತು. ಗೌರಿ ರಾತ್ರಿಯಿಂದ ಬೆದೆಗೆ ಬಂದು ಕೂಗುತ್ತಿದೆ, ಬೇಗ ಬರಬೇಕು. ಹೋದ ಎರಡು ಸಲ ಗೌರಿಗೆ ಗಬ್ಬ ಕಟ್ಟಿರಲಿಲ್ಲ. ಹಾಲು ಬತ್ತುತ್ತ ಬಂದಿತ್ತು. ಈ ಸಲವೂ ತಪ್ಪಿದರೆ ಹಸು ಕೊಟ್ಟುಬಿಡುವ ಮಾತಾಡುತ್ತಿದ್ದಳು. ನಾನು ವೀರ್ಯದ ಕಡ್ಡಿಗಳಿದ್ದ ಕ್ಯಾನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಮುಳ್ಳು. ಟೈರು ಬಿಚ್ಚಿದೆ, ತೂತು ಹುಡುಕಿದೆ, ತುಂಡು ಅಂಟಿಸಿದೆ, ಟೈರು ಕೂರಿಸಿದೆ, ಬಾರಿಗೆ ಕೈ ಹಾಕಿದರೆ ಎರಡು ಕೊಕ್ಕೆ ಮಾತ್ರ ಇವೆ. ಪಿತ್ತ ನೆತ್ತಿಗೇರಿತು. ಆ ಉರಿಬಿಸಿಲಿನಲ್ಲಿ, ಯಾರೂ ಇಲ್ಲದ ದಾರಿಯಲ್ಲಿ, ಊರಿನ ಒಬ್ಬೊಬ್ಬನ ಹೆಸರನ್ನೂ ಹಿಡಿದು ಬೈದೆ. ಒಬ್ಬನ ಹೆಸರು ಎರಡು ಸಲ ಬಂದಿರಲೂಬಹುದು.

ಸೈಕಲ್ ತಳ್ಳಿಕೊಂಡು ನಾನು ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಗೌರಿ ಮಲಗಿ ಮೆಲುಕು ಹಾಕುತ್ತಿತ್ತು, ತಾಯಮ್ಮ ಮೆಲುಕು ಹಾಕಿ ಮುಗಿಸಿ ಬೈಗುಳ ಸಿದ್ಧಮಾಡಿಕೊಂಡು ಕೂತಿದ್ದಳು. "ಈಗ್ ಬಂದ್ರಾ? ನಿಮ್ ನಂಬ್ಕಂಡು ನಾನ್ ಮೂರ್ ವಾರ ಏನ್ ತಿನ್ಲಿ? ಅಲ್ಲ, ಆ ದಾರೀಲಿ ಮುಳ್ಳದೆ ಅಂತ ಗೊತ್ತಲ್ವಾ? ಒಂದ್ ಪಂಪ್ ಮಡೀಕಬಾರ್ದಾ ನೀವು?" ನಾನು ಕತ್ತೆತ್ತಿದೆ. ಅವಳ ತಲೆಯ ಹಿಂದೆ, ಜಗಲಿಯ ಗೋಡೆಯ ಮೊಳೆಯಲ್ಲಿ, ನನ್ನ ಪಂಪು ನೇತಾಡುತ್ತಿತ್ತು. "ಅದಾ? ನಮ್ಮಳಿಯ ಯಾರತ್ರನೋ ಈಸ್ಕಂಡ್ ಬಂದಿತ್ತು. ಬಾಳ ಒಳ್ಳೇ ಪಂಪು. ಬೇಕಾದ್ರೆ ತಗಂಡೋಗಿ, ನಾಳಿಕ್ ಕೊಟ್ಬುಡಿ."

ಮೊಳೆಯಿಂದ ಪಂಪನ್ನು ಎಳೆದುಕೊಂಡೆ. ಚಕ್ರಕ್ಕೆ ಗಾಳಿ ಹೊಡೆದು ಸೀದಾ ಸರಗೂರಿಗೆ ಹೋದೆ, ಒಂದು ಬೀಗ ಮತ್ತು ಸರಪಳಿ ತಂದೆ. ಪಂಪು ಆರಿಸಿದಷ್ಟೇ ನಿಗಾ ಕೊಟ್ಟು ಬೀಗವನ್ನೂ ಆರಿಸಿದೆ. ಪಂಪನ್ನು ಸೈಕಲ್ಲಿನ ಬಾರಿಗೆ ಸೇರಿಸಿ ಮೂರು ಸುತ್ತು ಸರಪಳಿ ಬಿಗಿದು ಬೀಗ ಜಡಿದೆ. ಕೀಲಿಕೈಯನ್ನು ಜೇಬಿನಲ್ಲಿಟ್ಟರೆ ಯಾರಾದರೂ ಹಲ್ಲು ಗಿಂಜಿ ಕೇಳಿ ಇಸಿದುಕೊಂಡಾರೆಂದು ಮನೆಯ ಕ್ಯಾಲೆಂಡರಿನ ಹಿಂದಿನ ಮೊಳೆಗೆ ನೇತುಹಾಕಿದೆ. ಕೇಳಲು ಬಂದವರಿಗೆಲ್ಲ, "ಬೀಗ ಹಾಕಿದೆ, ಕೀ ಮನೆಯಲ್ಲಿದೆ" ಎಂದು ಹೇಳುವಾಗ ಆಗುತ್ತಿದ್ದ ಸುಖವನ್ನು ಏನೆಂದು ಬಣ್ಣಿಸಲಿ.

ಮೂರು ವಾರಕ್ಕೆ ಸರಿಯಾಗಿ ಗೌರಿಯ ಹೇಳಿಕೆ ಮತ್ತೆ ಬಂತು. ಹೊರಡುವಾಗಲೇ ಸಣ್ಣಸ್ವಾಮಿ ಅಡ್ಡ ಬಂದ. ಅವನ ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿಯಂತೆ. "ಕೀ ಮನೇಲಿದೆ" ಎಂದು ಬಾಯಿಪಾಠದಂತೆ ಒದರಿ ಪೆಡಲು ತುಳಿದೆ. ಅದೇ ದಾರಿ, ಅದೇ ಬೇಲಿ, ಅದೇ ಮುಳ್ಳು. ಈ ಸಲ ನಾನು ಹೆದರಲಿಲ್ಲ. ಶಿಳ್ಳೆ ಹಾಕುತ್ತಲೇ ಪಂಚರ್ ಹಾಕಿದೆ. ಟೈರು ಕೂರಿಸಿ ಬಾರಿನ ಕಡೆ ತಿರುಗಿದೆ. ಪಂಪು ಇತ್ತು. ಮೂರು ಸುತ್ತು ಸರಪಳಿ ಇತ್ತು. ಬೀಗ ಇತ್ತು. ಸಣ್ಣಸ್ವಾಮಿಗೆ ಹೇಳಿದ ಮಾತು ನನ್ನ ಕಿವಿಗೇ ವಾಪಸು ಬಂತು.

ಬೈಯೋಣವೆಂದರೆ ಈ ಸಲ ಒಂದು ಹೆಸರೂ ಸಿಗಲಿಲ್ಲ. ಇದ್ದ ಒಂದು ಹೆಸರನ್ನು ಬೈದುಕೊಳ್ಳಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಸಣ್ಣಸ್ವಾಮಿ ಗಾಳಿಯಿಲ್ಲದ ಚಕ್ರವನ್ನು ತಳ್ಳಿಕೊಂಡು ಹಿಂದಿನಿಂದ ಬಂದ. ಪಂಪು ನೋಡಿದ, ಬೀಗ ನೋಡಿದ, ನನ್ನ ಮುಖ ನೋಡಿದ. ನಕ್ಕಿದ್ದರೆ ಜಗಳವಾಡಬಹುದಿತ್ತು, ಪಾಪಿ ನಗಲಿಲ್ಲ. "ಕಲ್ಲಲ್ಲಿ ಹೊಡ್ದಾಕವಾ ಬುಡಿ ಡಾಕ್ಟ್ರೇ" ಎಂದು ತಾನೇ ಒಂದು ಕಲ್ಲು ಆರಿಸಿ ತಂದ. ನಾನು ಸೈಕಲ್ ಹಿಡಿದುಕೊಂಡೆ, ಅವನು ಹೊಡೆದ. ಆಮೇಲೆ ಅವನು ಹಿಡಿದುಕೊಂಡ, ನಾನು ನನ್ನ ಮೂರು ವಾರದ ಸಿಟ್ಟನ್ನೆಲ್ಲ ಸೇರಿಸಿ ಹೊಡೆದೆ. ಬೀಗ ಅಲುಗಲಿಲ್ಲ. ನಜ್ಜಾದದ್ದು ಪಂಪು. ಸಿಟ್ಟಿನಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಇಬ್ಬರೂ ಸೈಕಲ್ ತಳ್ಳಿಕೊಂಡು ನಡೆದೆವು. ಈ ಸಲ ತಾಯಮ್ಮ ನನ್ನನ್ನು ನಂಬಿ ಕೂತಿರಲಿಲ್ಲ. ಗೌರಿಯನ್ನು ಹೊಡೆದುಕೊಂಡು ತಾನೇ ಎದುರು ಬಂದಿದ್ದಳು. ಹಸು ಮುಂದೆ, ಹಗ್ಗ ಅವಳ ಹೆಗಲ ಮೇಲೆ. ಹೊತ್ತು ಇನ್ನೂ ಇತ್ತು. ದಾರಿಬದಿಯ ಹೊಂಗೆ ಮರಕ್ಕೆ ಗೌರಿಯನ್ನು ಕಟ್ಟಿ ಅಲ್ಲೇ ಕೆಲಸ ಮುಗಿಸಿದೆ. ಕೈ ತೊಳೆಯಲು ನೀರು ಹಾಕುತ್ತ ತಾಯಮ್ಮ ಸೈಕಲ್ಲಿನ ಕಡೆ ನೋಡಿದಳು. "ಅಲ್ಲ ಡಾಕ್ಟ್ರೇ, ನಮ್ ಗೌರೀನೇ ಅಗ್ಗ ಇಲ್ದಂಗೆ ಇಷ್ಟ್ ದೂರ ಬಂದವ್ಳೆ. ಆ ಪಂಪ್ ಏನ್ ಹಾಯಕ್ ಬತ್ತದೆ ಅಂತ ಅಂಗ್ ಸರಪಳಿ ಆಕಿದ್ದೀರಿ?" ಸಣ್ಣಸ್ವಾಮಿ ಆಗ ನಕ್ಕ. ಅಷ್ಟು ಹೊತ್ತು ತಡೆದುಕೊಂಡಿದ್ದನಲ್ಲ ಎಂದು ಆಮೇಲೆ ಆಶ್ಚರ್ಯವಾಯಿತು.

ಗೌರಿಗೆ ಆ ಸಲ ಗಬ್ಬ ನಿಂತಿತು. ಹೆಣ್ಣು ಕರುವೇ ಹುಟ್ಟಿ, ಗಿಣ್ಣು ನಮ್ಮ ಮನೆಗೂ ಬಂತು. ನಜ್ಜುಗುಜ್ಜಾದ ಪಂಪನ್ನು ಸಣ್ಣಸ್ವಾಮಿಯೇ ಬಡಿದು ನೆಟ್ಟಗೆ ಮಾಡಿ ಕೊಟ್ಟ. ಮೊದಲಿನ ಎರಡರಷ್ಟು ಒತ್ತಿದರೆ ಗಾಳಿ ಹೋಗುತ್ತಿತ್ತು. ಕೊಡುವಾಗ ತಲೆ ಕೆರೆದುಕೊಂಡು ಹೇಳಿದ: "ಡಾಕ್ಟ್ರೇ, ಪಂಪ್ ಅಂಗಿರ್ಲಿ. ಆ ಬೀಗ ಎಲ್ಲಿಂದ ತಂದ್ರಿ? ಅಷ್ಟು ಹೊಡುದ್ರೂ ಜಗ್ಗಲಿಲ್ಲ. ನಮ್ ಹೊಗೆಸೊಪ್ಪಿನ ಮನೆಗೆ ಎರಡು ದಿನದ ಮಟ್ಟಿಗೆ ಕೊಡಿ, ಈಗ್ ತಂದೆ." ಕೊಟ್ಟೆ. ಕೀಲಿಕೈಯನ್ನೂ ಕೊಟ್ಟೆ. ಈಗ ಪಂಪು ಯಾರ ಮನೆಯಲ್ಲಿದೆಯೋ, ಬೀಗ ಯಾರ ಬಾಗಿಲಿಗಿದೆಯೋ ನನಗೆ ಗೊತ್ತಿಲ್ಲ. ಅಟ್ಟದ ಮೇಲಿದ್ದ ದೊಡ್ಡ ಪಂಪೂ ಯಾವಾಗಲೋ ಇಳಿದು ಹೋಗಿದೆ. ಈ ಮನೆಯಲ್ಲಿ ಇಷ್ಟು ವರ್ಷದಲ್ಲಿ ಯಾರೂ ಇಸಿದುಕೊಂಡು ಹೋಗದೆ ಉಳಿದಿರುವುದು ನನ್ನ ಕೋಪ ಒಂದೇ. ದಾರಿಯಲ್ಲಿ ಚಕ್ರ ಕೂತಾಗ ನೋಡಿದರೆ, ಅದು ಮಾತ್ರ ಯಾವತ್ತೂ ನನ್ನ ಜೊತೆಯಲ್ಲೇ ಇರುತ್ತದೆ.