ಜರೀಗಿಡದ ತವರುಮನೆ

ನಮ್ಮ ಊರಿನ ಹವೆಗೆ ಒಗ್ಗದ್ದರ ಮೇಲೆಯೇ ನನಗೆ ಪ್ರೀತಿ ಹೆಚ್ಚು. ಗದಗಿಗೆ ಅಂಟಿಕೊಂಡ ಬೆಟಗೇರಿಯ ನಮ್ಮ ಓಣಿಯಲ್ಲಿ ಕಣಗಿಲೆ, ದಾಸವಾಳಗಳು ಯಾರ ಹಂಗೂ ಇಲ್ಲದೆ ಬದುಕುತ್ತವೆ. ಅವುಗಳ ಮೇಲೆ ನನಗೆ ಗೌರವವಿದೆ; ಆದರೆ ಅವು ಕನಸಿನಲ್ಲಿ ಬರುವುದಿಲ್ಲ. ಬರುವುದು ಜರೀಗಿಡ. ಹೂವಿಲ್ಲ, ಕಾಯಿಲ್ಲ, ಬರೀ ಗರಿಯಂಥ ಎಲೆ, ಅದರ ತುದಿಗೊಂದು ಹನಿ. ಮುಂಡರಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಅದನ್ನು ಬೋರ್ಡಿನ ಮೇಲೆ ಬರೆದದ್ದೆಷ್ಟೋ, ಬೆಳೆಸಿದ್ದು ಒಂದೂ ಇಲ್ಲ. ಸಂಜೆ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದರೆ ಹೊರಗಿನ ಕರಿಮಣ್ಣಿನ ಬಯಲೆಲ್ಲ ಹಸಿರು ಗರಿಗಳಾಗಿ ತೂಗುತ್ತಿತ್ತು. "ಅಕ್ಕೋರ, ಗದಗ ಬಂತ್ರಿ, ಏಳ್ರಿ," ಎಂದು ಕಂಡಕ್ಟರ್ ಎಬ್ಬಿಸಬೇಕಾಗುತ್ತಿತ್ತು.

ಹೀಗಿರುವಾಗ ಹೋದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಕೈಗಾಡಿಯಲ್ಲಿ ಗಿಡ ಮಾರುವವನೊಬ್ಬ ನಮ್ಮ ಬಾಗಿಲಿಗೇ ಬಂದ. ಗುಲಾಬಿ ಕುಂಡಗಳ ನಡುವೆ ನನ್ನ ಜರೀಗಿಡ ನಾಚಿಕೊಂಡು ಕೂತಿತ್ತು. "ಇದಕ್ಕ ಬಿಸಲು ಬಡೀಬಾರದ್ರಿ, ಬಿಸಿಗಾಳಿ ತಾಗಬಾರದು, ಯಾವತ್ತೂ ತಂಪಿರಬೇಕು," ಎಂದ. ನಮ್ಮ ಮನೆಯವರು ಕಟ್ಟೆಯ ಮೇಲೆ ಬೀಸಣಿಗೆ ಹಿಡಿದು ಕೂತಿದ್ದರು. "ಅಷ್ಟೆಲ್ಲಾ ಮಾಡೂ ಹಂಗಿದ್ರ ಮದಲ ನನಗ ಮಾಡು. ಈ ಗಿಡಕ್ಕಿಂತ ಮದಲ ನಿನ್ನ ಕೈಗೆ ಸಿಕ್ಕಾಂವ ನಾ," ಎಂದರು. ನಾನು ಕೇಳಿಸದವಳಂತೆ ಕುಂಡ ಎತ್ತಿಕೊಂಡೆ.

ಪಡಸಾಲೆಯಲ್ಲಿಟ್ಟೆ. ಗರಿಗಳ ಅಂಚು ಕಾವಲಿಯ ಮೇಲಿನ ಹಪ್ಪಳದಂತೆ ಮುದುಡಿತು. ಕುಡಿಯುವ ನೀರಿನ ಗಡಿಗೆಯ ಪಕ್ಕಕ್ಕಿಟ್ಟು ಹಸಿ ಗೋಣಿತಟ್ಟು ಸುತ್ತಿದೆ. ಕುಂಡ ತಂಪಾಯಿತು, ಎಲೆ ಒಣಗಿತು. ಕೊನೆಗೆ ಬಚ್ಚಲುಮನೆಗೆ ಒಯ್ದೆ. ನಳ ಯಾವಾಗ ಬರುತ್ತದೋ ಎಂದು ಓಣಿಯೆಲ್ಲ ಕಿವಿ ನಿಮಿರಿಸಿಕೊಂಡು ಕೂಡುವ ನಮ್ಮಲ್ಲಿ ಮೊದಲ ತಂಬಿಗೆ ನೀರು ಗಿಡಕ್ಕೆ, ಉಳಿದದ್ದು ಗಂಡನಿಗೆ ಎಂದಾಯಿತು. "ಜಳಕಾ ಮಾಡೂ ಮುಂದ ಅದು ನನ್ನ ನೋಡಿದಂಗ ಆಗ್ತೈತಿ. ನನಗ ನಾಚಿಕಿ ಬರ್ತೈತಿ," ಎಂದು ಅವರು ತಕರಾರು ತೆಗೆದರು. ಗಿಡಕ್ಕೂ ಆ ದೃಶ್ಯ ಹಿತವಾಗಲಿಲ್ಲವೆಂದು ಕಾಣುತ್ತದೆ. ಮೂರು ಗರಿ ಬಿಟ್ಟು ಉಳಿದವೆಲ್ಲ ಉದುರಿದವು. ನನಗೆ ಊಟ ಸೇರಲಿಲ್ಲ. ಪಾಠ ಮಾಡುತ್ತ ಮಾಡುತ್ತ ಮಾತು ಮರೆತು, ಬೋರ್ಡಿನ ಮೇಲೆ ಬಾಡಿದ ಜರೀಗಿಡ ಬರೆದುಬಿಟ್ಟೆ.

ಆ ದಿನಗಳಲ್ಲೇ ಹಿಂದಿನ ಓಣಿಯ ಶಾಂತವ್ವನ ಮನೆಗೆ ಸೀರೆ ನೋಡಲು ಹೋದೆ. ಗಂಡಹೆಂಡಿರಿಬ್ಬರೂ ನೇಕಾರರು. ಮಗ್ಗದ ಕೋಣೆಯಲ್ಲಿ ಕಾಲಿಟ್ಟದ್ದೇ ತಡ, ಮೈಯೆಲ್ಲ ಒಮ್ಮೆ ಉಸಿರು ಬಿಟ್ಟಂತಾಯಿತು. ಅರೆಗತ್ತಲು, ಸಣ್ಣ ಬೆಳಕಿಂಡಿ, ಒದ್ದೆ ನೆಲ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಶಾಂತವ್ವನ ಗಂಡ ವೀರಪ್ಪ ನೇಯುತ್ತಿದ್ದ. ಹೊರಗೆ ಏಪ್ರಿಲ್ ಉರಿಯುತ್ತಿರುವುದು ಆ ಕೋಣೆಗೆ ಗೊತ್ತೇ ಇರಲಿಲ್ಲ.

"ನೆಲಕ್ಕ ನೀರ್ಯಾಕ?" ಎಂದೆ.

"ಒಣಗಿದ್ರ ಎಳಿ ಪಟಪಟ ಹರೀತಾವ್ರಿ," ಎಂದಳು ಶಾಂತವ್ವ.

"ಇಲ್ಲೆ ನನ್ನ ಜರೀಗಿಡ ಇಡ್ಲೇನು?"

ಅವಳು ಕಣ್ಣರಳಿಸಿದಳು. "ಜರಿ ಗಿಡದಾಗ ಬೆಳಿತೈತೇನ್ರಿ! ನಾವು ಸುಮ್ಮನ ರೊಕ್ಕಾ ಕೊಟ್ಟು ತರ್ತೀವಲ್ಲ, ತರ್ರಿ ಜಲ್ದಿ." ಗಿಡ ನೋಡಿದ ಮೇಲೆ ಆಕೆಗೆ ಸ್ವಲ್ಪ ನಿರಾಸೆಯಾಯಿತು. ಆದರೂ ಬೆಳಕಿಂಡಿಯ ಕೆಳಗೆ ಜಾಗ ಮಾಡಿಕೊಟ್ಟಳು.

ನನ್ನ ಸಂಜೆಗಳೆಲ್ಲ ಅಲ್ಲೇ ಕಳೆಯತೊಡಗಿದವು. ಮಗ್ಗ ಬಡಿದಾಗಲೆಲ್ಲ ಗರಿಗಳು ಸಣ್ಣಗೆ ತಲೆದೂಗುತ್ತಿದ್ದವು. ಒಂದು ದಿನ ಬುಡದಲ್ಲಿ ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡ ಚಿಗುರು ಕಂಡಿತು. ದಿನಾ ಅದು ಸ್ವಲ್ಪ ಸ್ವಲ್ಪ ಬಿಚ್ಚಿಕೊಳ್ಳುವುದನ್ನು ನೋಡುತ್ತ, ಲಾಳಿ ಓಡುವ ಸದ್ದಿನಲ್ಲಿ ನಾನು ನಿದ್ದೆಯೋ ಎಚ್ಚರವೋ ತಿಳಿಯದ ಸ್ಥಿತಿಯಲ್ಲಿ ಕೂತಿರುತ್ತಿದ್ದೆ. ಮಿತಭಾಷಿ ವೀರಪ್ಪನೂ ಒಮ್ಮೆ ಬಾಯಿಬಿಟ್ಟ: "ಎಳಿ ನೋಡಿ ನೋಡಿ ಕಣ್ಣು ಸೋಲ್ತಾವ್ರಿ. ಆಗ ಒಮ್ಮಿ ಅದನ್ನ ನೋಡ್ತೀನಿ."

ಆ ಮಾತು ಕೇಳಿಯೂ ನಾನು ಆಷಾಢದ ಮೋಡ ನೋಡಿ ಗಿಡ ಕೇಳಲು ಹೋದೆ. ಇನ್ನು ಹವೆ ತಂಪಾಯಿತು, ನನ್ನ ಗಿಡ ನನ್ನ ಮನೆಯಲ್ಲಿರಲಿ ಎಂಬ ಆಸೆ.  ಶಾಂತವ್ವ ಕುಂಡ ಒರೆಸಿ ಅರಿಶಿನ ಕುಂಕುಮ ಹಚ್ಚಿದಳು, ಕುಬಸದ ಕಣದ ಬಟ್ಟೆ ಹೊದಿಸಿದಳು, ಅಕ್ಕಿ, ಕೊಬ್ಬರಿಬಟ್ಟಲು ಇಟ್ಟು ಉಡಿ ತುಂಬಿದಳು. "ಮನಿ ಮಗಳನ್ನ ಬರಿಗೈಲೆ ಹೆಂಗ ಕಳಸೂದ್ರಿ," ಎಂದಾಗ ಅವಳ ಕಣ್ಣು ತುಂಬಿತ್ತು. ವೀರಪ್ಪ ತಲೆ ಎತ್ತಲಿಲ್ಲ. ಮಗ್ಗ ಮಾತ್ರ ನಿಂತಿತ್ತು. ಹೊಸ್ತಿಲು ದಾಟುವಾಗ ನಾನು ಅತ್ತೆಯಾದೆನೆಂದು ಹೊಳೆಯಿತು.

ಮೋಡಗಳು ನಮ್ಮನ್ನು ನೋಡಿಕೊಂಡು ಮುಂದೆ ಹೋದವು. ಬಂದದ್ದು ಗಾಳಿ, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಹಗಲಿರುಳು ತಿರುಗಿಸುವ ನಮ್ಮ ಒಣ ಗಾಳಿ. ವಾರ ಕಳೆಯುವುದರೊಳಗೆ ಸೊಸೆ ಸೊರಗಿದಳು. ಎಷ್ಟು ನೀರು ಚಿಮುಕಿಸಿದರೂ ಮುಖ ಎತ್ತಲಿಲ್ಲ. ಒಂದು ಮಧ್ಯಾಹ್ನ ನಮ್ಮ ಮನೆಯವರೇ ಹೇಳಿದರು: "ಬಿಟ್ಟ ಬಾ ಅತ್ಲಾಗ. ಅದರ ಮಾರಿ ನೋಡಲಿಕ್ಕಾಗವಲ್ದು. ನಿಂದೂ ನೋಡಲಿಕ್ಕಾಗವಲ್ದು."

ಕುಂಡವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೆ. ಕಟ್ಟೆಯ ಮೇಲಿನ ಅಜ್ಜಿಯೊಬ್ಬಳು, "ಯಾಕ್ರಿ ಅಕ್ಕೋರ, ಅತ್ತಿ ಮನ್ಯಾಗ ಬಾಳೇವು ಆಗಲಿಲ್ಲೇನು?" ಎಂದಳು.  ಶಾಂತವ್ವ ನನ್ನ ಕೈಯಿಂದ ಕುಂಡ ತೆಗೆದುಕೊಂಡು ಬೆಳಕಿಂಡಿಯ ಕೆಳಗಿಟ್ಟು, ನೆಲಕ್ಕೆ ನೀರು ಹೊಡೆದಳು. ನಾನು ಗೋಡೆಗೊರಗಿ ಕೂತೆ. ವೀರಪ್ಪ ಗಿಡವನ್ನೊಮ್ಮೆ ನೋಡಿ ಮಗ್ಗ ಶುರುಮಾಡಿದ. ಆ ತಂಪಿನಲ್ಲಿ ಕಣ್ಣು ತಾನಾಗಿ ಮುಚ್ಚಿತು. ಎಷ್ಟು ಹೊತ್ತಾಯಿತೋ, ಪಾದದ ಮೇಲೆ ತಣ್ಣನೆಯ ಹನಿಗಳು ಬಿದ್ದವು. ಶಾಂತವ್ವ ಗಂಡನಿಗೆ ಮೆಲ್ಲಗೆ ಹೇಳುತ್ತಿದ್ದಳು: "ಸಾವಕಾಶ ಬಡೀರಿ. ಗಿಡ ಚೇತರಿಸ್ಕೊಳ್ಳಾಕತ್ತೈತಿ. ಅಕ್ಕೋರಿಗೆ ಇನ್ನೊಂದೀಟು ನೀರು ಬೇಕು."