ಅತ್ತೆಯವರ ಹೆಬ್ಬೆರಳನ್ನು ಮಾನ್ಯ ಮಾಡಿದ ಬಗ್ಗೆ

ತೆರಿಗೆ ಸಲಹೆಗಾರರ ನಿರಂತರ ಶಿಕ್ಷಣ ಮಂಡಳಿಯ ದಾಖಲೆಗಳ ಪ್ರಕಾರ, ಕಳೆದ ವರ್ಷ ಅತಿ ಹೆಚ್ಚು ಅಂಕ ಪಡೆದ ಹೆಬ್ಬೆರಳಿಗೆ ಎಪ್ಪತ್ತೊಂದು ವರ್ಷ ವಯಸ್ಸಾಗಿತ್ತು. ಈ ಬಗ್ಗೆ ನಾನಾ ಬಗೆಯ ಮಾತುಗಳು ಹರಿದಾಡುತ್ತಿರುವುದರಿಂದ, ಪ್ರಕರಣವನ್ನು ಖುದ್ದಾಗಿ ಪರಿಶೀಲಿಸಿದ ಅಧಿಕಾರಿಯಾದ ನಾನು ನಡೆದದ್ದನ್ನು ನಡೆದ ಹಾಗೆಯೇ ದಾಖಲಿಸುತ್ತಿದ್ದೇನೆ. ಮಂಡಳಿಯಲ್ಲಿ ನನ್ನ ಸೇವೆ ಇಪ್ಪತ್ತೆರಡು ವರ್ಷ. ಇದುವರೆಗೆ ನಾನು ನಕ್ಕ ಬಗ್ಗೆ ಯಾವುದೇ ದೂರು ಬಂದಿಲ್ಲ.

ನಿಯಮ ಸರಳ. ತೆರಿಗೆ ಸಲಹೆಗಾರರು ಪ್ರತಿ ವರ್ಷ ಇಪ್ಪತ್ನಾಲ್ಕು ಗಂಟೆ ಪಾಠ ಕೇಳಬೇಕು. ಕೇಳಿ, ಪರೀಕ್ಷೆ ಪಾಸಾದವರಿಗೆ ಮಾತ್ರ ಸಹಿ ಹಾಕುವ ಅಧಿಕಾರ. ಹಿಂದೆಲ್ಲ ಈ ಪಾಠಗಳನ್ನು ಕಂಪ್ಯೂಟರಿನಲ್ಲಿ ಹಾಕಿಟ್ಟು ಊಟಕ್ಕೆ ಹೋಗಬಹುದಿತ್ತು. ಆದರೆ ಒಬ್ಬ ಸಲಹೆಗಾರರು ತಾವು ತೀರಿಕೊಂಡ ಮರುವಾರ ಆರು ಗಂಟೆಗಳ ಶಿಕ್ಷಣವನ್ನು ಪ್ರಥಮ ದರ್ಜೆಯಲ್ಲಿ ಪೂರೈಸಿದ್ದು ಕಂಡುಬಂದ ಮೇಲೆ ಮಂಡಳಿ ಎಚ್ಚೆತ್ತುಕೊಂಡಿತು. ಅವರ ಪ್ರಮಾಣಪತ್ರವನ್ನು ಹಿಂಪಡೆಯಲಾಗಲಿಲ್ಲ, ಏಕೆಂದರೆ ಹಿಂಪಡೆಯುವ ನಮೂನೆಗೆ ಅವರದೇ ಸಹಿ ಬೇಕು. ಬದಲಿಗೆ ಸುತ್ತೋಲೆ ಹೊರಟಿತು:

"ಇನ್ನು ಮುಂದೆ ಪಾಠದ ನಡುವೆ ಹತ್ತು ನಿಮಿಷಕ್ಕೊಮ್ಮೆ ಬೆಲ್ ಬಾರಿಸತಕ್ಕದ್ದು. ಬೆಲ್ ಆದಾಗ ಸಲಹೆಗಾರರು ಯಂತ್ರದ ಮೇಲೆ ಹೆಬ್ಬೆರಳನ್ನು ಒತ್ತತಕ್ಕದ್ದು. ಒತ್ತಿದವರನ್ನು ಜೀವಂತ ಹಾಗೂ ಆಸಕ್ತ ಎಂದು ಪರಿಗಣಿಸತಕ್ಕದ್ದು."

ನಮ್ಮ ಪ್ರಕರಣದ ಸಲಹೆಗಾರರ ಕಚೇರಿ ಅವರ ಮನೆಯ ಕೆಳ ಅಂತಸ್ತಿನಲ್ಲಿದೆ. ಎರಡು ಮೇಜು, ಒಂದು ಫ್ಯಾನು, ಬಾಗಿಲು ಮುಚ್ಚಲು ಬಿಡದಷ್ಟು ಫೈಲುಗಳು. ವರ್ಷದ ಕೊನೆಗೆ ಅವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಬಣ್ಣ ಬಳಿಯುವವರು, ವೈರಿಂಗ್ ಮಾಡುವವರು, ಲಾರಿ ಓಡಿಸುವವರು, ಹೀಗೆ ಸಂಬಳದ ಮೇಲಲ್ಲದೆ ಗುತ್ತಿಗೆ ಮೇಲೆ ದುಡಿದ ಪ್ರತಿಯೊಬ್ಬರಿಗೂ ಕೆಲಸ ಕೊಟ್ಟವರು ಒಂದು ಗುತ್ತಿಗೆ ಪಾವತಿ ಚೀಟಿ ಮಾಡಿಸಬೇಕು. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಎಂದು ಸರ್ಕಾರಕ್ಕೆ ತಿಳಿಸಬೇಕು. ಅಂಥ ಮುನ್ನೂರ ಹನ್ನೆರಡು ಚೀಟಿಗಳು ಅವರ ಮೇಜಿನ ಮೇಲಿದ್ದವು. ಸಲ್ಲಿಕೆಗೆ ಎಂಟು ದಿನ ಬಾಕಿ. ಅವರು ಕೇಳಿದ್ದ ಪಾಠ ಸೊನ್ನೆ ಗಂಟೆ. ಪಾಸಾಗದಿದ್ದರೆ ಸಹಿ ಇಲ್ಲ, ಸಹಿ ಇಲ್ಲದಿದ್ದರೆ ಚೀಟಿಗಳಿಲ್ಲ, ಚೀಟಿಗಳಿಲ್ಲದಿದ್ದರೆ ಕಚೇರಿಗೆ ಬೀಗ. ಅವರು ಮೇಲ್ಮಹಡಿಗೆ ಹೋಗಿ ಅತ್ತೆಯವರ ಮುಂದೆ ನಿಂತರು.

"ಅತ್ತೆ, ನಿಮ್ಮಿಂದ ಒಂದು ಸಣ್ಣ ಉಪಕಾರ ಆಗ್ಬೇಕಿತ್ತು."

"ಸಣ್ಣದಾದ್ರೆ ಮೆಟ್ಲು ಹತ್ತಿ ಬರ್ತಿರ್ಲಿಲ್ಲ. ಹೇಳಿ ಅಳಿಯಂದ್ರೇ."

"ಬೆಲ್ ಆದಾಗ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತೋದು, ಅಷ್ಟೇ. ಪಾಠ ಕೇಳಿಸ್ಕೋಬೇಕು ಅಂತೇನಿಲ್ಲ."

"ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತಿದ್ದೀನಿ. ಬೆಲ್ ಆದ್ಮೇಲೆ ಕೇಳಿಸ್ಕೊಳ್ದೆ ಇರೋದು ನನ್ನ ಕೈಲಾಗಲ್ಲ."

ಸಲಹೆಗಾರರು ಇದನ್ನು ತಮಾಷೆ ಎಂದುಕೊಂಡು ಕೆಳಗೆ ಹೋದರು. ಅವರ ಅಂದಾಜುಗಳು ಸಾಮಾನ್ಯವಾಗಿ ಸರಿಯಿರುತ್ತವೆ ಎಂಬುದಕ್ಕೆ ಗ್ರಾಹಕರ ಪತ್ರಗಳಿವೆ.

ಅತ್ತೆಯವರು ದಿನಕ್ಕೆ ನಾಲ್ಕು ಗಂಟೆಯಂತೆ ಕುಳಿತರು. ಮೊದಲ ದಿನ ಕೈಯಲ್ಲಿ ಹೆಣಿಗೆ ಇತ್ತು. ಎರಡನೆಯ ದಿನ ಹೆಣಿಗೆ ಪಕ್ಕಕ್ಕೆ ಹೋಯಿತು, ನೋಟ್‌ಬುಕ್ ಬಂತು. ಮೂರನೆಯ ದಿನ ಪರದೆಯ ಮೇಲಿನ ಅಧ್ಯಾಪಕರಿಗೆ "ಸ್ವಲ್ಪ ನಿಧಾನಕ್ಕೆ ಹೇಳಪ್ಪಾ, ರೈಲೇನೂ ಹೋಗ್ತಿಲ್ಲ" ಎಂದು ಗದರಿದ್ದು ಕೆಳಗಿನವರೆಗೂ ಕೇಳಿಸಿತು. ನಾಲ್ಕನೆಯ ದಿನ ಐದನೆಯ ಪಾಠ ಬಂತು: ಯಾರು ನೌಕರ, ಯಾರು ಗುತ್ತಿಗೆದಾರ? ಯಾವಾಗ ಬರಬೇಕು, ಹೇಗೆ ಮಾಡಬೇಕು ಎಂದು ಬೇರೆಯವರಿಂದ ಹೇಳಿಸಿಕೊಳ್ಳುವವನು ನೌಕರ. ತನ್ನ ಹೊತ್ತಿಗೆ ಬಂದು, ತನಗೆ ತೋಚಿದ ಹಾಗೆ ಮಾಡಿ ಹೋಗುವವನು ಗುತ್ತಿಗೆದಾರ. ಅಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅತ್ತೆಯವರು ನೋಟ್‌ಬುಕ್ ತೆರೆದಿಟ್ಟುಕೊಂಡಿದ್ದರು.

"ಅಳಿಯಂದ್ರೇ, ನೀವು ಮನೆಗೆ ಎಷ್ಟೊತ್ತಿಗೆ ಬರ್ಬೇಕು ಅಂತ ಯಾರು ಗೊತ್ತುಮಾಡ್ತಾರೆ?"

"ಯಾರೂ ಇಲ್ಲ ಅತ್ತೆ, ನಾನೇ."

"ಮನೆ ಕೆಲ್ಸ ಹೀಗೆ ಮಾಡಿ, ಹಾಗೆ ಮಾಡಿ ಅಂತ ಯಾರಾದ್ರೂ ಹೇಳೋದುಂಟಾ?"

"ನಾನು ಹೇಳ್ತೀನಮ್ಮಾ" ಎಂದರು ಅವರ ಮಗಳು, ಅಂದರೆ ಸಲಹೆಗಾರರ ಹೆಂಡತಿ. "ಕೇಳಿದ್ದೇ ಇಲ್ಲ."

"ಕೇಳದೆ ಇದ್ರೆ ಗುತ್ತಿಗೆ. ಅಳಿಯಂದ್ರು ಈ ಮನೆಯ ಗುತ್ತಿಗೆದಾರರು. ನೀನು ನೌಕರಳು, ಅದೂ ಖಾಯಂ."

"ಹಾಗಾದ್ರೆ ಬೆಕ್ಕು?"

ಅತ್ತೆಯವರು ಎರಡು ಪುಟ ತಿರುವಿ ನೋಡಿದರು. "ಬೆಕ್ಕು ಮಾಲೀಕ."

ಬೆಕ್ಕು ಆಗ ಸೋಫಾದ ಮೇಲಿತ್ತು. ತೀರ್ಪನ್ನು ಅದು ಪ್ರಶ್ನಿಸಲಿಲ್ಲ.

ಆರನೆಯ ದಿನ ಪಾಠ ಮುಗಿದ ಕೂಡಲೇ ಪರದೆಯ ಮೇಲೆ ಪರೀಕ್ಷೆ ಶುರುವಾಯಿತು. ಸಲಹೆಗಾರರು "ನಾನ್ ಬರೀತೀನಿ, ನಾನ್ ಬರೀತೀನಿ" ಎಂದು ಮೆಟ್ಟಿಲು ಹತ್ತಿ ಓಡಿ ಬರುವಷ್ಟರಲ್ಲಿ ಅತ್ತೆಯವರು ಮುಗಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನೂರಕ್ಕೆ ತೊಂಬತ್ತೆಂಟು. ಎರಡು ಅಂಕ ಹೋದದ್ದು ಪ್ರಶ್ನೆಯೇ ತಪ್ಪಿದ್ದ ಕಡೆ. ಮಂಡಳಿ ಆಮೇಲೆ ಪ್ರಶ್ನೆಯನ್ನು ತಿದ್ದಿತು, ಅಂಕ ಕೊಡಲಿಲ್ಲ.

ಸಲಹೆಗಾರರು ಹಿರಿಹಿರಿ ಹಿಗ್ಗಿ ಮರುದಿನ ಬೆಳಿಗ್ಗೆ ಮೊದಲ ಚೀಟಿಗೆ ಸಹಿ ಮಾಡಲು ಯಂತ್ರದ ಮೇಲೆ ಹೆಬ್ಬೆರಳಿಟ್ಟರು. "ಈ ಹೆಬ್ಬೆರಳು ಈ ಹೆಸರಿನದಲ್ಲ" ಎಂದು ಬಂತು. ಪಾಠದ ಮೊದಲ ದಿನ ಯಾವ ಬೆರಳು ಒತ್ತಿತೋ ಅದನ್ನೇ ಯಂತ್ರ ಅವರ ಹೆಸರಿಗೆ ಬರೆದುಕೊಂಡಿತ್ತು. ಅವರು ಬೆರಳನ್ನು ಸೋಪು ಹಾಕಿ ತೊಳೆದರು. ಕನ್ನಡಕದ ಬಟ್ಟೆಯಿಂದ ಒರೆಸಿದರು. ಎಡಗೈಯದನ್ನು ಒತ್ತಿದರು. ಕೊನೆಗೆ, ಬಾಗಿಲು ಹಾಕಿಕೊಂಡು, ಕಾಲಿನದನ್ನೂ ಪ್ರಯತ್ನಿಸಿದರೆಂದು ಯಂತ್ರದ ದಾಖಲೆ ತಿಳಿಸುತ್ತದೆ. ಆಮೇಲೆ ತಲೆ ಮೇಲೆ ಕೈ ಹೊತ್ತು ಕುಳಿತು ಮಂಡಳಿಗೆ ಫೋನ್ ಮಾಡಿದರು.

ಕೊನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಾನು ಸ್ಥಳಕ್ಕೆ ಹೋದೆ. ಎರಡೂ ಹೆಬ್ಬೆರಳುಗಳನ್ನು ಅಕ್ಕಪಕ್ಕ ಇರಿಸಿ ಅಳತೆ ತೆಗೆದೆ.

"ಸಾರ್, ಹೇಗಾದ್ರೂ ಮಾಡಿ ಹೆಸರು ಬದಲಾಯ್ಸಿ" ಎಂದು ಸಲಹೆಗಾರರು ಅಂಗಲಾಚಿದರು. "ಸಂಜೆ ಐದಕ್ಕೆ ಎಲ್ಲಾ ಮುಗ್ದುಹೋಗತ್ತೆ."

"ಹೆಸರು ಬದಲಾವಣೆಗೆ ತೊಂಬತ್ತು ಕೆಲಸದ ದಿನ ಹಿಡಿಯತ್ತೆ."

"ಹೆಬ್ಬೆಟ್ಟು?"

"ಅದಕ್ಕೆ ನಮೂನೆಯೇ ಇಲ್ಲ."

ಇದರಲ್ಲಿ ವಂಚನೆ ನಡೆದಿದೆಯೇ ಎಂಬುದನ್ನೂ ಪರಿಶೀಲಿಸಿದೆ. ವಂಚನೆ ಎನ್ನಬೇಕಾದರೆ ಪಾಠ ಕೇಳದವರು ಪಾಸಾಗಿರಬೇಕು. ಇಲ್ಲಿ ಕೇಳಿದವರೇ ಪಾಸಾಗಿದ್ದಾರೆ. ಮಂಡಳಿಯ ಇತಿಹಾಸದಲ್ಲಿ ಇಂಥದ್ದು ಮೊದಲ ಸಲವಾದ್ದರಿಂದ ತುರ್ತು ಸಭೆ ಕರೆಯಲಾಯಿತು. ಮಧ್ಯಾಹ್ನ ಮೂರಕ್ಕೆ ಆದೇಶ ಬಂತು:

"ಸಲಹೆಗಾರರ ಹೆಬ್ಬೆರಳು ಅವರ ಅತ್ತೆಯವರ ಬಲಗೈಯಲ್ಲಿ ನೆಲೆಸಿರುವುದನ್ನು ಮಾನ್ಯ ಮಾಡಲಾಗಿದೆ. ಸಲಹೆಗಾರರ ಸ್ವಂತ ಕೈಯಲ್ಲಿರುವುದನ್ನು ಖಾಸಗಿ ಬಳಕೆಗೆ ಮಾತ್ರ ಉಪಯೋಗಿಸತಕ್ಕದ್ದು."

ಸಲಹೆಗಾರರು ಆದೇಶವನ್ನು ಕಣ್ಣಿಗೊತ್ತಿಕೊಂಡರು. ಅತ್ತೆಯವರನ್ನು ಕೆಳಗೆ ಕರೆತಂದು, ಕುರ್ಚಿ ಎಳೆದು ಕೂರಿಸಿ, ಮುನ್ನೂರ ಹನ್ನೆರಡು ಚೀಟಿಗಳನ್ನು ಮುಂದಿಟ್ಟರು. ಅತ್ತೆಯವರು ಒಂದೊಂದನ್ನೂ ಓದಿದರು. ನಾಲ್ಕು ತಪ್ಪು ಹಿಡಿದು ತಿದ್ದಿಸಿದರು. ಗೋಡೆಯ ಗಡಿಯಾರ ನಾಲ್ಕು ದಾಟಿದಾಗ ಚೀಟಿಗಳನ್ನು ಜೋಡಿಸಿಟ್ಟು ಕೈಕಟ್ಟಿ ಕುಳಿತರು.

"ಒಂದು ಕಮ್ಮಿ ಇದೆ."

"ಇಲ್ಲ ಅತ್ತೆ, ಮೂರ್ ಸಲ ಎಣಿಸಿದ್ದೀನಿ. ಯಾರದ್ದು ಕಮ್ಮಿ?"

"ನಂದು."

 ಅತ್ತೆಯವರು ಶಾಂತವಾಗಿ ಹೇಳಿದರು: "ಎಕ್ಸ್‌ಚೇಂಜಲ್ಲಿ ಮೂವತ್ತು ವರ್ಷ, ಪ್ರತಿ ತಿಂಗಳೂ ಸಂಬಳದ ಚೀಟಿ ಕೊಟ್ರು. ಈ ಮನೆಗೆ ಬಂದು ಹನ್ನೊಂದು ವರ್ಷ ಆಯ್ತು. ನಿಮ್ಮ ಮಗೂನ ಬೆಳೆಸ್ದೆ. ಬೆಳಿಗ್ಗೆ ತಿಂಡಿ ನಂದು, ಬಟ್ಟೆ ಇಸ್ತ್ರಿ ನಂದು, ನಿಮ್ಮ ಗ್ರಾಹಕರಿಗೆಲ್ಲ ಟೀ ನಂದು. ಒಂದು ಚೀಟೀನಾದ್ರೂ ಕೊಟ್ಟಿದ್ದೀರಾ?"

"ಅತ್ತೆ, ಅದೆಲ್ಲಾ ಮನೆ ಕೆಲ್ಸ ಅಲ್ವಾ?"

"ಹೌದಲ್ಲಾ, ನಾನೂ ಅದನ್ನೇ ಹೇಳ್ತಿರೋದು. ಕೆಲ್ಸ."

ಸಲಹೆಗಾರರು ನನ್ನ ಮುಖ ನೋಡಿದರು. ನಾನು ನಿಯಮಾವಳಿ ನೋಡಿದೆ. ಹೆಬ್ಬೆರಳಿನ ಒಡೆಯರಿಗೆ ಕೊಡಬೇಕಾದ ಚೀಟಿ ಬಾಕಿ ಇರುವಾಗ ಬೇರೆ ಚೀಟಿಗೆ ಒತ್ತಲಾಗದು ಎಂಬ ನಿಯಮ ಅದರಲ್ಲಿರಲಿಲ್ಲ. ಆದರೆ ಒತ್ತಲೇಬೇಕು ಎಂಬ ನಿಯಮವೂ ಇರಲಿಲ್ಲ.

"ಮೊತ್ತ ಏನಂತ ಹಾಕ್ಲಿ?"

"ಏಳನೇ ಪಾಠ. ಮಾತಾಡಿ ಗೊತ್ತುಮಾಡದೆ ಇದ್ರೆ ಪೇಟೆ ದರ."

ಸಲಹೆಗಾರರು ಕ್ಯಾಲ್ಕುಲೇಟರ್ ತೆಗೆದರು. ಅಡುಗೆಯವರ ದರ, ಮಗು ನೋಡಿಕೊಳ್ಳುವವರ ದರ, ಇಸ್ತ್ರಿಯವರ ದರ, ಅದಕ್ಕೆ ಹನ್ನೊಂದು ವರ್ಷ. ಬಂದ ಮೊತ್ತ ಅವರ ಕಚೇರಿ ಅಷ್ಟೂ ವರ್ಷ ಗಳಿಸಿದ್ದಕ್ಕಿಂತ ಹೆಚ್ಚಿತ್ತು. ಕ್ಯಾಲ್ಕುಲೇಟರನ್ನು ಅಲ್ಲಾಡಿಸಿ ನೋಡಿದರು, ಮೊತ್ತ ಅಲುಗಲಿಲ್ಲ. ಆಗ ಗಂಟೆ ನಾಲ್ಕು ಮೂವತ್ತೈದು.

ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. "ಬರೀರಿ ರೀ. ಐದಕ್ಕೆ ಕಚೇರಿ ಮುಚ್ಚಿದ್ರೆ ನಾಳೆಯಿಂದ ನೀವೂ ಮನೆ ಕೆಲ್ಸಕ್ಕೇ ಬರ್ತೀರಿ. ದರ ಜಾಸ್ತಿ ಇದ್ರೆ ನಿಮಗೂ ಒಳ್ಳೇದೇ."

ಸಲಹೆಗಾರರು ಬರೆದರು. 'ಕೊಟ್ಟದ್ದು', 'ಕೊಡಬೇಕಾದದ್ದು' ಎಂಬ ಎರಡು ಚೌಕಗಳಲ್ಲಿ ಎರಡನೆಯದಕ್ಕೆ ಗುರುತು ಹಾಕಿದರು. ಅತ್ತೆಯವರು ಚೀಟಿಯನ್ನು ಕೈಗೆ ತೆಗೆದುಕೊಂಡು ತಮ್ಮ ಹೆಸರನ್ನು ಗಟ್ಟಿಯಾಗಿ ಓದಿದರು, ಮೊತ್ತವನ್ನು ಇನ್ನೂ ಗಟ್ಟಿಯಾಗಿ ಓದಿದರು, ಆಮೇಲೆ ಎದೆಯುಬ್ಬಿಸಿ ಕುಳಿತು ಒತ್ತತೊಡಗಿದರು. ಎಂಥ ವೇಗ! ಒಂದು ಕೈ ಚೀಟಿ ಸರಿಸುತ್ತಿತ್ತು, ಇನ್ನೊಂದು ಒತ್ತುತ್ತಿತ್ತು, ಬಾಯಿ ಹಳೇ ಅಭ್ಯಾಸದಲ್ಲಿ "ಲೈನಲ್ಲಿರಿ, ಲೈನಲ್ಲಿರಿ" ಎನ್ನುತ್ತಿತ್ತು. ನಾಲ್ಕು ಐವತ್ತೆಂಟಕ್ಕೆ ಮುನ್ನೂರ ಹದಿಮೂರೂ ಸಲ್ಲಿಕೆಯಾದವು. ನನಗೆ ತುಂಬಾ ಸಂತೋಷವಾಯಿತು. ಕರ್ತವ್ಯದ ವೇಳೆಯಲ್ಲಿ ಸಂತೋಷವಾದದ್ದನ್ನು ಮೇಲಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿದ್ದೇನೆ.

ಸುದ್ದಿ ಬೀದಿಯಿಂದ ಬೀದಿಗೆ ಹೋಯಿತು. ವಾರದೊಳಗೆ ಅತ್ತೆಯಂದಿರು, ಅಮ್ಮಂದಿರು, ಹೆಂಡತಿಯರು, ಒಬ್ಬಿಬ್ಬರು ಮನೆಯಲ್ಲೇ ಇರುವ ಚಿಕ್ಕಪ್ಪಂದಿರು ಕೂಡ ಚೀಟಿ ಕೇಳಿ ಸಾಲು ನಿಂತರು. ಮಂಡಳಿ ಮತ್ತೊಂದು ಸುತ್ತೋಲೆ ಹೊರಡಿಸಿತು: "ಮೊತ್ತ ಕೊಡಲಾಗದವರು ಕನಿಷ್ಠಪಕ್ಷ ಬಾಕಿಯನ್ನು ಒಪ್ಪಿಕೊಳ್ಳತಕ್ಕದ್ದು. ಒಪ್ಪಿಕೊಳ್ಳುವಾಗ ಗೊಣಗತಕ್ಕದ್ದಲ್ಲ." ಒಪ್ಪಿಕೊಂಡ ಬಾಕಿಗಳನ್ನೆಲ್ಲ ಸರ್ಕಾರ ರಾಷ್ಟ್ರೀಯ ಆದಾಯಕ್ಕೆ ಸೇರಿಸಿದ್ದರಿಂದ ದೇಶವು ಹದಿನೈದೇ ದಿನದಲ್ಲಿ ಎರಡು ಪಟ್ಟು ಶ್ರೀಮಂತವಾಯಿತು. ಸಲಹೆಗಾರರ ಬೋರ್ಡಿನ ಕೆಳಗೆ ಈಗ "ಹೆಬ್ಬೆರಳು: ಮೇಲ್ಮಹಡಿ, ಬೆಳಿಗ್ಗೆ ಹತ್ತರಿಂದ ಹನ್ನೆರಡು" ಎಂದಿದೆ. ವ್ಯಾಪಾರ ಚೆನ್ನಾಗಿದೆ. ಟೀ ಈಗ ಸಲಹೆಗಾರರೇ ಮಾಡುತ್ತಾರೆ.

ಪ್ರಕರಣವನ್ನು ಮುಕ್ತಾಯಗೊಳಿಸಿ ನಾನು ಮನೆಗೆ ಬಂದಾಗ ನನ್ನ ಹೆಂಡತಿ ಒಂದು ಚೀಟಿಯನ್ನು ಅಚ್ಚುಕಟ್ಟಾಗಿ ತುಂಬಿ ತಟ್ಟೆಯ ಪಕ್ಕದಲ್ಲಿಟ್ಟಿದ್ದಳು. ಹತ್ತೊಂಬತ್ತು ವರ್ಷ. ಮೊತ್ತವನ್ನು ಎರಡು ಸಲ ಓದಿದೆ. ಲೆಕ್ಕದಲ್ಲಿ ತಪ್ಪು ಹುಡುಕಿದೆ, ಒಂದೇ ಒಂದು ಸಿಕ್ಕಿತು, ಅದೂ ನನ್ನ ಪರವಾಗಿತ್ತು. ಕಾಲಾವಕಾಶ ಕೋರಿ ಅರ್ಜಿ ಬರೆದುಕೊಟ್ಟೆ. ಆಕೆ ಓದಿ, ಎರಡು ಕಡೆ ಭಾಷೆ ತಿದ್ದಿ, ದಂಡಸಹಿತ ಮಂಜೂರು ಮಾಡಿದಳು. ದಂಡವನ್ನು ಕಂತುಗಳಲ್ಲಿ ಕಟ್ಟುತ್ತಿದ್ದೇನೆ. ಈ ವರದಿಯನ್ನು ಕಂತಿನ ನಡುನಡುವೆ, ಅಡುಗೆಮನೆಯ ಸಿಂಕಿನ ಪಕ್ಕದಲ್ಲಿ ನಿಂತು ಬರೆದಿರುವುದರಿಂದ, ಹಾಳೆಗಳ ಮೇಲೆ ಅಲ್ಲಲ್ಲಿ ಬಿದ್ದಿರುವ ಸೋಪಿನ ನೊರೆಯನ್ನು ಮಂಡಳಿಯು ಮನ್ನಿಸಬೇಕಾಗಿ ಕೋರಿಕೆ.